ಇಳಿಜಾರಿನ ಮೇಜು

ವಾಲ್ಪರೈಸೊ
ಮಂಗಳವಾರ, ೨೬ ಮಾರ್ಚ್ ೧೯೯೬

ಅಕ್ಕನ ಮೇಜಿಗೆ ಗರಗಸ ಹಾಕಿದ ತಮ್ಮ ಬಾಲ್ದೊಮೆರೊಗೆ,

ಸಿಟ್ಟು ತುಂಬಿದ ಮೇಲೆ ಮಿಕ್ಕಿದಷ್ಟು ಆಶೀರ್ವಾದ ನಿನಗೆ. ನಿನ್ನ ಹೆಂಡತಿ ನಿಲ್ದಾಳಿಗೆ ಪೂರ್ತಿ ಆಶೀರ್ವಾದ, ಪಾಪ ಅವಳೇನು ಮಾಡಿದಳು. ಫೋನಿನಲ್ಲಿ ಆಡೋಣವೆಂದರೆ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದಕ್ಕೆ ಆ ಕಾಟವಿಲ್ಲ.

ಕಳೆದ ವಾರ ನೀನು ತಾಲ್ಕಾದಿಂದ ಬಂದೆ. ನನಗೆ ಸಂತೋಷವೇ ಆಯಿತು. ಸಂಜೆ ಚಹಾಕ್ಕೆ ಬ್ರೆಡ್ಡು ತರಲೆಂದು ನಾನು ಹೊರಗೆ ಹೋದೆ. ಅಷ್ಟರಲ್ಲಿ ನೀನು ನನ್ನ ಮಡಿಸುವ ಮೇಜನ್ನು ಅಡುಗೆಮನೆಯಲ್ಲಿ ನಿಲ್ಲಿಸಿ, ಅದರ ಎರಡು ಉದ್ದ ಕಾಲುಗಳನ್ನು ಗಿಡ್ಡ ಕಾಲುಗಳ ಸಮಕ್ಕೆ ಕೊಯ್ದೆ. ಸಾಲದೆಂದು ಸುತ್ತಲೂ ಅಂಚುಪಟ್ಟಿ ಹೊಡೆದೆ. ನನಗೆ ಒಂದು ಮಾತು ಹೇಳದೆ ಮೇಜನ್ನು ಮಡಿಸಿ ಬಾಗಿಲ ಹಿಂದಿಟ್ಟು, ನಾನು ತಂದ ಬ್ರೆಡ್ಡನ್ನು ಬೆಣ್ಣೆಹಣ್ಣು ಸವರಿಕೊಂಡು ತಿಂದೆ. ತಿನ್ನುವಾಗ ಗಂಟಲಲ್ಲಿ ಇಳಿಯಿತಲ್ಲ, ಅದೇ ಆಶ್ಚರ್ಯ.

ಭಾನುವಾರ ಎಂದಿನಂತೆ, ಗುಡ್ಡ ಹತ್ತಿಳಿಯುವ ಹಗ್ಗಬಂಡಿಯ ಮೇಲಿನ ನಿಲ್ದಾಣದ ಪಕ್ಕದ ಇಳಿಜಾರು ಓಣಿಗೆ ಹೋಗಿ ಮಾಯದಾಟಕ್ಕೆ ಮೇಜು ಬಿಡಿಸಿದೆ. ಜನ ಸೇರಿದರು. ಬಟ್ಟಲು ಮಗುಚಿ, ಕೆಳಗೆ ಚೆಂಡಿಟ್ಟು, ಎತ್ತಿದೆ. ಚೆಂಡು ನಿಲ್ಲಲೇ ಇಲ್ಲ. ನಿನ್ನ ಅಂಚುಪಟ್ಟಿಯನ್ನೂ ಹಾರಿ, ಓಣಿಯಲ್ಲಿ ಉರುಳಿ, ಮೆಟ್ಟಿಲು ಮೆಟ್ಟಿಲಾಗಿ ಬಂದರಿನ ಕಡೆ ಹೊರಟಿತು. ಹಿಂದೆಯೇ ಮೂರು ನಾಯಿ. ಎದುರುಮನೆಯ ಉಬರ್ಲಿಂಡಾ ಕಿಟಕಿಯಿಂದ, “ಏನಮ್ಮಾ ಎರ್ಮೆಲಿಂಡಾ, ಇವತ್ತು ಚೆಂಡಿಗೂ ನಿನ್ನ ಆಟ ನೋಡಿ ಬೇಜಾರಾಯ್ತಾ?” ಎಂದಳು. ನಕ್ಕವರಲ್ಲಿ ನಾನು ಸೂಜಿಯಿಂದ ದಾರ ಮಾಯ ಮಾಡಿ ತೋರಿಸಿ ಬೆಳೆಸಿದ ಮಕ್ಕಳೂ ಇದ್ದರು, ಈಗ ಮೀಸೆ ಬಂದವರು.

ಹಗ್ಗಬಂಡಿ ನಡೆಸುವ ಫೆರ್ಮಿನ್ ಒಬ್ಬನೇ ನಗಲಿಲ್ಲ. ಮೇಜಿನ ಕಾಲು ಮುಟ್ಟಿ ನೋಡಿ, “ಯಾವನಕ್ಕಾ ಇದನ್ನ ಕೊಯ್ದೋನು? ಗುಡ್ಡದ ಮೇಲೆ ಹುಟ್ಟಿದೋನಂತೂ ಅಲ್ಲ” ಎಂದ. ಅಲ್ಲೇ ಹುಟ್ಟಿದವನಪ್ಪ, ನನ್ನ ಕೈಯಲ್ಲೇ ಬೆಳೆದವನು ಎಂದು ಹೇಳಲು ನಾಚಿಕೆಯಾಯಿತು.

ಈಗ ಕೇಳು. ಮೇಜಿನ ಎರಡು ಕಾಲುಗಳು ಗಿಡ್ಡವಾಗಿದ್ದುದು ನನಗೆ ಅಳತೆ ಬಾರದ್ದಕ್ಕಲ್ಲ. ಮೇಲುಬದಿಗೆ ಗಿಡ್ಡ ಕಾಲು, ಕೆಳಬದಿಗೆ ಉದ್ದ ಕಾಲು. ಆಗ ಆ ಓಣಿಯಲ್ಲಿ ಹಲಗೆ ನೀರು ನಿಂತ ಹಾಗೆ ಮಟ್ಟಸವಾಗಿರುತ್ತದೆ. ನಾನು ಮೇಲುಬದಿಗೆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತೇನೆ. ಜನ ಕೆಳಬದಿಗೆ, ನನ್ನ ಕೈಗೆ ಮೂಗು ತಾಗುವಷ್ಟು ಹತ್ತಿರ ನಿಲ್ಲುತ್ತಾರೆ. ಬೆನ್ನ ಹಿಂದೆ ಒಬ್ಬರೂ ಇಲ್ಲ. ಹತ್ತಿರದ ಮಾಯದಾಟ ಆಡುವವರಿಗೆ ಅದಕ್ಕಿಂತ ದೊಡ್ಡ ವರವಿಲ್ಲ.

ಇನ್ನು ನಿನ್ನ ಅಂಚುಪಟ್ಟಿ. ನಾಣ್ಯ ಬಿದ್ದುಹೋಗದಿರಲಿ ಎಂದು ಹೊಡೆದೆಯಂತೆ. ಪುಣ್ಯಾತ್ಮ, ಬೀಳಬೇಕಾದ್ದೇ ಅದು. ಚಿಕ್ಕಂದಿನಿಂದ ನನ್ನ ಜೀವ ತಿಂದೆಯಲ್ಲ, ನಾಣ್ಯ ಎಲ್ಲಿಗೆ ಹೋಗುತ್ತೆ ಹೇಳಕ್ಕಾ ಎಂದು. ಯಾರಿಗೂ ಹೇಳದ್ದನ್ನು ಸಿಟ್ಟಿನಲ್ಲಿ ಹೇಳುತ್ತಿದ್ದೇನೆ. ಅಂಚಿನಿಂದ ಜಾರಿ ನನ್ನ ಮಡಿಲಿಗೆ ಬೀಳುತ್ತದೆ, ಅಷ್ಟೇ. ಅಮ್ಮ ಹೋದ ಮೇಲೆ ನೀನು ಅದೇ ಮಡಿಲಲ್ಲಿ ಮಲಗುತ್ತಿದ್ದೆ. ಎಷ್ಟೋ ಸಲ ನಾಣ್ಯ ನಿನ್ನ ಕಿವಿಯ ಪಕ್ಕದಲ್ಲೇ ಬಿದ್ದಿದೆ. ಆಗಲೂ ತಿಳಿಯಲಿಲ್ಲ, ಈಗಲೂ ತಿಳಿಯಲಿಲ್ಲ.

ನಿನ್ನೆ ನಿನ್ನ ಲಕೋಟೆ ಬಂತು. ಹಳೆಯ ಮೇಜು ಬಿಡು, ಇವುಗಳಲ್ಲಿ ಒಂದು ಆರಿಸಿಕೋ, ನಾನು ಕೊಡಿಸುತ್ತೇನೆ ಎಂದು ಅಂಗಡಿಯ ಚಿತ್ರಗಳನ್ನು ಕಳಿಸಿದ್ದೀಯ. ಆರಿಸಿದ್ದೇನೆ, ಓದು.

ಬಿಳಿ ಪ್ಲಾಸ್ಟಿಕ್ಕಿನದು ಹಗುರ, ನಿಜ. ಆದರೆ ನಾಣ್ಯ ಇಟ್ಟರೆ ಬಾಣಲೆಗೆ ಕಲ್ಲು ಹಾಕಿದ ಸದ್ದು. ನನ್ನ ಹಲಗೆಗೆ ಬಿಲಿಯರ್ಡ್ಸ್ ಮೇಜಿನ ಹಳೆಯ ಹಸಿರು ಬಟ್ಟೆ ಅಂಟಿಸಿದ್ದು ಚಂದಕ್ಕೆಂದುಕೊಂಡಿದ್ದೆಯಾ? ಮೇಲಾಗಿ ನೋಡುವವರು ಸುಮ್ಮನೆ ನೋಡುವುದಿಲ್ಲ, ಮೊಣಕೈ ಊರುತ್ತಾರೆ. ಮೇಜು ಹೊರಬೇಕಾದ್ದು ನನ್ನ ಇಸ್ಪೀಟನ್ನಲ್ಲ, ಊರವರ ಮೊಣಕೈಗಳನ್ನು. ಉಬರ್ಲಿಂಡಾಳ ಒಂದು ಮೊಣಕೈಗೆ ಆ ಪ್ಲಾಸ್ಟಿಕ್ಕು ನೆಲ ಕಚ್ಚುತ್ತದೆ.

ಒಂಟಿ ಕಾಲಿನ ಎತ್ತರದ ದುಂಡು ಮೇಜಿಗೆ ನಾನು ನಿಲ್ಲಬೇಕು. ನಿಂತವಳಿಗೆ ಮಡಿಲೆಲ್ಲಿ? ಅದು ದುಂಡಗಿರುವುದರಿಂದ ಜನ ಸುತ್ತುವರಿಯುತ್ತಾರೆ. ಬೆನ್ನ ಹಿಂದಿನವನು ಎಲ್ಲವನ್ನೂ ಕಂಡು ಮುಂದಿನವನಿಗೆ ಕಣ್ಣು ಹೊಡೆಯುತ್ತಾನೆ.

ಮೂರನೆಯದು ಜಾದೂಗಾರರಿಗೆಂದೇ ಮಾಡಿದ ಪೆಟ್ಟಿಗೆಮೇಜು, ನಕ್ಷತ್ರ ಬಿಡಿಸಿದ ಕಪ್ಪು ಮಖಮಲ್ಲು, ಕಳ್ಳಜೇಬು ಬೇರೆ. ಅದನ್ನು ಕಂಡೊಡನೆ ಹಸುಗೂಸೂ ನನ್ನ ಕೈ ನೋಡುವುದು ಬಿಟ್ಟು ಮೇಜನ್ನೇ ದಿಟ್ಟಿಸುತ್ತದೆ. ಆಟ ಗೆದ್ದರೂ ಹೆಸರು ಮೇಜಿಗೆ. ಕನ್ನಡಿಯ ಮುಂದೆ ಕೂತು ನಾನೇ ಕಲಿತ ಕೈ ಇದು ಬಾಲ್ದೊಮೆರೊ, ಯಾವ ಗುರುವೂ ಹೇಳಿಕೊಟ್ಟದ್ದಲ್ಲ. ಅದರ ಮರ್ಯಾದೆಯನ್ನು ಮಖಮಲ್ಲಿಗೆ ಬಿಟ್ಟುಕೊಡುವುದಿಲ್ಲ.

ಇಷ್ಟಾದರೆ ತಿಳಿಯದೆ ಮಾಡಿದ ಎಂದು ಮರೆಯುತ್ತಿದ್ದೆ. ಆದರೆ ನಿನ್ನ ಲಕೋಟೆಯ ಕೊನೆಯಲ್ಲಿ ಒಂದು ಸಾಲಿದೆ: ‘ಇಲ್ಲಿ ಕೆಳಮನೆಯ ಕೋಣೆ ಖಾಲಿ ಇದೆ, ತಾಲ್ಕಾದ ಚೌಕ ಅಂಗೈಯಷ್ಟು ಮಟ್ಟಸ, ಯಾವ ಮೇಜೂ ನಿಲ್ಲುತ್ತದೆ.’ ಓದಿ ನಿಲ್ದಾಳಿಗೆ ಫೋನು ಮಾಡಿದೆ. ಅವಳಿಗೆ ಸುಳ್ಳು ಬರುವುದಿಲ್ಲ. “ಅತ್ತಿಗೆ, ಅವ್ರಿಗೆ ಎಲ್ಲಾ ಗೊತ್ತಿತ್ತು. ಮೇಜು ಹಾಳಾದ್ರೆ ಭಾನುವಾರದ ಆಟ ನಿಲ್ಲುತ್ತೆ, ಆಟ ನಿಂತ್ರೆ ಅಕ್ಕ ಗುಡ್ಡ ಇಳೀತಾಳೆ ಅಂದ್ರು” ಎಂದಳು.

ಜೀವನವಿಡೀ ಮರಗೆಲಸ ಮಾಡಿದ ಬಡಗಿಗೆ ಕಾಲು ಯಾಕೆ ಗಿಡ್ಡ ಎಂದು ತಿಳಿಯದೆ ಹೋದೀತೇ ಎಂದು ನನಗೂ ಅನ್ನಿಸಿತ್ತು. ನೀನು ಕೊಯ್ದದ್ದು ಮರವಲ್ಲ, ನನ್ನ ಭಾನುವಾರ. ನಾನು ಇಲ್ಲಿ ಯಾರ ಅಕ್ಕನೂ ಅಲ್ಲ, ಯಾರ ಹೊರೆಯೂ ಅಲ್ಲ, ಓಣಿಯ ಮಾಯದವಳು. ತಾಲ್ಕಾದಲ್ಲಿ ನಾನು ಕೆಳಮನೆಯ ಮುದುಕಿ. ಅಲ್ಲಿ ಮೇಜು ನಿಲ್ಲಬಹುದು, ನಾನು ನಿಲ್ಲುವುದಿಲ್ಲ.

ಮೊಣಕಾಲಿನ ನೆಪ ತೆಗೆಯಬೇಡ. ಕಳೆದ ಚಳಿಗಾಲದಲ್ಲಿ ಮೆಟ್ಟಿಲ ಮೇಲೆ ಜಾರಿದೆ, ಎದ್ದೆ, ಮುಗಿಯಿತು. ನಿನಗೆ ಭಯವಿದ್ದರೆ ಬಾಯಿ ಬಿಟ್ಟು, ಅಕ್ಕಾ, ನನಗೆ ಭಯ ಎನ್ನಬೇಕಿತ್ತು. ನಾನು ಬೈಯುತ್ತಿದ್ದೆ, ಆದರೆ ಕೇಳಿಸಿಕೊಳ್ಳುತ್ತಿದ್ದೆ. ನನ್ನ ಬೆನ್ನ ಹಿಂದೆ ನಿಲ್ಲಬಾರದಿತ್ತು.

ಚಿತ್ರಗಳನ್ನು ಇದರಲ್ಲೇ ಮಡಿಸಿ ವಾಪಸು ಇಟ್ಟಿದ್ದೇನೆ.

ಎಷ್ಟು ಬೈದರೂ ನಿನ್ನವಳೇ ಆದ,
ಅಕ್ಕ ಎರ್ಮೆಲಿಂಡಾ

ಮರೆತ ಮಾತು, ಭಾನುವಾರ ಸಂಜೆ: ಸಿಟ್ಟಿನಲ್ಲಿ ಬರೆದದ್ದು ಒಂದೆರಡು ದಿನ ಆರಲಿ ಎಂದು ಅಂಚೆಗೆ ಹಾಕಿರಲಿಲ್ಲ. ಗುರುವಾರ ಮೇಜನ್ನು ಕೆಳಪೇಟೆಯ ಬಡಗಿಗೆ ತೋರಿಸೋಣವೆಂದು ಹಗ್ಗಬಂಡಿ ಹತ್ತಿದೆ. ಬೇರೆ ಯಾರೂ ಇರಲಿಲ್ಲ, ಹಾಗಾಗಿ ಸುಮ್ಮನೆ ಬಿಡಿಸಿ ಚೆಂಡು ಇಟ್ಟೆ. ಬಂಡಿ ಕಡಿದಾದ ಗುಡ್ಡ ಇಳಿಯಿತು, ಚೆಂಡು ಕದಲಲಿಲ್ಲ. ಹುಟ್ಟಿದಾಗಿನಿಂದ ಓಡಾಡಿದ ಬಂಡಿ, ಇಡೀ ಗುಡ್ಡದಲ್ಲಿ ಅದರ ನೆಲ ಒಂದೇ ಮಟ್ಟಸ ಎಂದು ನನಗೆ ಹೊಳೆದಿರಲಿಲ್ಲ. ಮೂಲೆಯ ಬೆಂಚಿಗೆ ಕೂತರೆ ಬೆನ್ನಿಗೆ ಹಲಗೆಗೋಡೆ. ನೀನು ಕೊಯ್ದ ಕಾಲುಗಳು ಆ ಬೆಂಚಿನ ಎತ್ತರಕ್ಕೆ ಸರಿಯಾಗಿವೆ. ಇದನ್ನು ಬರೆಯಲು ನನಗೆ ಎಷ್ಟು ಕಷ್ಟವಾಯಿತೆಂದು ನಿನಗೆ ತಿಳಿಯದು. ನನ್ನ ಆಯ್ಕೆ ಅದೇ ಮೇಜು. ಅಂಚುಪಟ್ಟಿ ಮಾತ್ರ ಕಿತ್ತು ಒಲೆಗೆ ಹಾಕಿದೆ.

ಫೆರ್ಮಿನ್ ಒಪ್ಪಿದ. “ಟಿಕೆಟ್ ಬೇಡ ಅಕ್ಕಾ, ಆದ್ರೆ ನನ್ನ ಚಿಲ್ಲರೆ ಮಾಯ ಮಾಡಬೇಡ” ಎಂದ. ಇವತ್ತು ಇಡೀ ದಿನ ಆಡಿದೆ. ಮೊಣಕಾಲು ನೀನು ಹೇಳಿದಷ್ಟೇ ನೋಯುತ್ತದೆ, ನಿಲ್ದಾಳಿಗೆ ಹೇಳಬೇಡ. ಒಂದು ನಾಣ್ಯದ ಆಟ ಮುಗಿಯುವಷ್ಟರಲ್ಲಿ ಬಂಡಿ ಕೆಳಗೆ ತಲುಪುತ್ತದೆ. ಬಾಗಿಲು ತೆರೆಯುತ್ತದೆ, ಜನ ಇಳಿಯುತ್ತಾರೆ. ನಾನು ಇಳಿಯುವುದಿಲ್ಲ.