ಮೂವತ್ತಮೂರು ಕಿಲೋಮೀಟರಿಗೆ ಐದು ಹೆಸರು

ರಾಣೆಬೆನ್ನೂರು
ಇಸವಿ ಎರಡು ಸಾವಿರದ ಇನ್ನೂರ ಎಂಬತ್ತೊಂದು, ಎರಡನೆಯ ಬೇಸಿಗೆಯ ಅರವತ್ತನೆಯ ದಿನ, ಮಧ್ಯಾಹ್ನ

ಹಾವೇರಿ ರಸ್ತೆಯ ಮೇಲೆ ಓಡಾಡುತ್ತಿರುವ ಹಿಂದಿನ ಕಾಲದವರೇ,

ಮೇಲಿನ ತಾರೀಖು ನೋಡಿ ನಗಬೇಡಿ. ನಮಗೆ ವರ್ಷಕ್ಕೆ ಮೂರು ಬೇಸಿಗೆ. ತಿಂಗಳುಗಳ ಹೆಸರು ಹಿಡಿದುಕೊಂಡು ಮಾಡುವುದೇನೂ ಉಳಿಯದೆ, ಅವನ್ನು ನಮ್ಮ ಅಜ್ಜಂದಿರೇ ಬಿಟ್ಟುಬಿಟ್ಟರು. ನನ್ನ ಕನ್ನಡವೂ ನಿಮಗೆ ಒರಟಾಗಿ ಕಂಡೀತು. ನೀವು ಆಡುತ್ತಿದ್ದ ಎಷ್ಟೋ ಮಾತುಗಳು ನಮ್ಮಲ್ಲಿ ಉಳಿದಿಲ್ಲ, ನಾವು ಕಟ್ಟಿಕೊಂಡ ಮಾತುಗಳು ನಿಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಅಂಥವು ಬಂದಲ್ಲಿ ಬಿಡಿಸಿ ಹೇಳುತ್ತೇನೆ, ಸೈರಿಸಿಕೊಳ್ಳಿ. ಬರೆದ ಕಾಗದವನ್ನು ಹೆದ್ದಾರಿಯ ಡಾಂಬರಿನ ಕೆಳಗೆ ಹೂತರೆ, ಆ ಡಾಂಬರಿನ ಮೇಲೆ ಹಿಂದೆ ಓಡಾಡಿದವರಿಗೆ ಅದು ಮುಟ್ಟುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ನನಗೆ ನಂಬಿಕೆ ಅರ್ಧ ಮಾತ್ರ. ಆದರೆ ಮನೆಯವರಿಗೆ ಹೇಳಲಾಗದ್ದನ್ನು ಹತ್ತೊಂಬತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡವಳಿಗೆ ಅರ್ಧ ನಂಬಿಕೆಯೇ ಸಾಕು.

ನನ್ನ ಹೆಸರು ಫಕ್ಕೀರವ್ವ. ನಾನು ಈ ಊರಿನ ದಾರಿಗಾರ್ತಿ, ಅಂದರೆ ಇಲ್ಲಿಂದ ಹಾವೇರಿಗೆ ಹೋಗುವವರಿಗೆ ದಾರಿ ಹಾಕಿಕೊಡುವವಳು. ನಾಳೆ ಬೆಳಗ್ಗೆ ನನ್ನ ತಂಗಿಯ ಮಗಳು ಗಾಳೆವ್ವ ಹದಿನಾಲ್ಕು ಜನರನ್ನು ಕಟ್ಟಿಕೊಂಡು ಆ ದಾರಿಯಲ್ಲಿ ಹೊರಟಿದ್ದಾಳೆ. ಊರು ಮುಟ್ಟುವುದಕ್ಕಲ್ಲ, ನಡುದಾರಿಯಲ್ಲಿ ಕೊಲ್ಲುವುದಕ್ಕೆ. ತನ್ನ ತಾಯಿಯನ್ನು ಕೊಂದವರ ಮೇಲೆ ಸೇಡು ತೀರಿಸಿಕೊಳ್ಳಬೇಕು ಎಂದು ಎಳೆಯ ವಯಸ್ಸಿನಿಂದ ಹಲ್ಲು ಕಚ್ಚಿಕೊಂಡು ಬೆಳೆದವಳು ಅವಳು. ಆ ಹಲ್ಲಿಗೆ ಮಸೆ ಕೊಟ್ಟವಳು ನಾನು, ಅರ್ಧ ಸತ್ಯ ಹೇಳಿ.

ನಿಮ್ಮ ಕಾಲದಲ್ಲಿ ಈ ಮೂವತ್ತಮೂರು ಕಿಲೋಮೀಟರಿಗೆ ಅರ್ಧ ಗಂಟೆ ಹಿಡಿಯುತ್ತಿತ್ತಂತೆ, ಚಹಾಕ್ಕೆ ನಿಂತರೆ ಮುಕ್ಕಾಲು ಗಂಟೆ. ನಮಗೆ ಹೊರಡುವ ಮೊದಲು ದಾರಿ ಹಾಕುವುದಕ್ಕೇ ಹನ್ನೊಂದು ದಿನ ಬೇಕು. ನೆಲ ಸಾರಿಸಿ, ಸುಣ್ಣದಲ್ಲಿ ರಸ್ತೆ ಬರೆದು, ಹೋಗುವವರೊಬ್ಬೊಬ್ಬರಿಗೆ ಒಂದೊಂದು ಮೆಣಸಿನ ಬೀಜ ಇಡುತ್ತೇವೆ. ಎಲ್ಲಿ ಡಾಂಬರು ಕಿತ್ತಿದೆ, ಎಲ್ಲಿ ಮುಳ್ಳು ಹಾಸಿದ್ದಾರೆ, ಯಾವ ಹೊತ್ತಿನಲ್ಲಿ ಬಿಸಿಲುಬಂಡಿಯ ತಗಡಿನ ಮೇಲೆ ಬಿಸಿಲು ಬಿದ್ದು ಅದು ಏರು ಹತ್ತೀತು, ಇವನ್ನೆಲ್ಲ ಗುರುತು ಹಾಕುತ್ತೇವೆ. ಕೊನೆಗೆ ಬರುವುದು ದೊಡ್ಡ ಲೆಕ್ಕ: ಹೋಗುವವರಲ್ಲಿ ಯಾರಿಗೆ ಯಾವ ಕಟ್ಟೆಯ ಜೊತೆ ರಕ್ತದ ವೈರ ಇದೆ. ಇದ್ದವನ ಬೀಜವನ್ನು ಎತ್ತಿ ಒಲೆಗೆ ಹಾಕುತ್ತೇವೆ. ಅವನು ಹೋಗುವ ಹಾಗಿಲ್ಲ.

ಕಟ್ಟೆ ಎಂದರೆ ಕೂಗುಗಟ್ಟೆ. ಈ ದಾರಿಯಲ್ಲಿ ಎರಡಿವೆ: ಊರು ದಾಟಿದ ಕೂಡಲೇ ಒಂದು, ಮೋಟೆಬೆನ್ನೂರಿನ ಆಚೆ ನೀವು ಕಟ್ಟಿಹೋದ ಮೇಲ್ಸೇತುವೆಯ ಹತ್ತಿರ ಇನ್ನೊಂದು. ಅಡ್ಡಗಂಬದ ಮುಂದೆ ಬಂಡಿ ನಿಲ್ಲಿಸಿ, ದಾರಿ ಹಾಕಿದವಳು ಮುಂದಿನ ಸೀಟಿನಲ್ಲಿ ಎದ್ದು ನಿಂತು ಒಳಗಿರುವ ಪ್ರತಿ ಉಸಿರಿನ ಹೆಸರು, ತಾಯಿಯ ಹೆಸರು, ಊರು ಕೂಗಬೇಕು. ವೈರದ ಹೆಸರು ಇಲ್ಲವಾದರೆ ಗಂಬ ಮೇಲೇಳುತ್ತದೆ. ಗಂಬ ಎದ್ದ ಮೇಲೆ ಬಂಡಿ ಕಣ್ಮರೆಯಾಗುವ ತನಕ ಎರಡೂ ಕಡೆಯವರು ಕೈ ಎತ್ತುವಂತಿಲ್ಲ. ಕೂಗದ ಉಸಿರೊಂದು ಒಳಗೆ ಸಿಕ್ಕಿತೋ, ಮಾತಿಲ್ಲ, ಗುಂಡು. ನಮ್ಮಲ್ಲಿ ಕಳ್ಳರಿದ್ದಾರೆ, ಕೊಲೆಗಡುಕರು ಇದ್ದಾರೆ, ಆದರೆ ಕಟ್ಟೆಯ ಮುಂದೆ ಹೆಸರು ನುಂಗುವವನನ್ನು ಹೆತ್ತ ತಾಯಿಯೂ ಮನೆಗೆ ಸೇರಿಸುವುದಿಲ್ಲ.

ಹತ್ತೊಂಬತ್ತು ವರ್ಷದ ಹಿಂದೆ ನನ್ನ ತಂಗಿ ತುಂಗವ್ವನಿಗೆ ದಿನ ತುಂಬಿ ನೋವು ಬಂತು. ಕೂಸು ಅಡ್ಡ ಮಲಗಿತ್ತು. ಸೂಲಗಿತ್ತಿ ಕಾಳವ್ವ ಎರಡು ದಿನ ಎಣ್ಣೆ ಹಚ್ಚಿ ತಿಕ್ಕಿ, ಮೂರನೆಯ ಬೆಳಗ್ಗೆ ಕೈ ತೊಳೆದುಕೊಂಡು ಹೊರಗೆ ಬಂದಳು.

"ಇದು ನನ್ನ ಕೈಯಾಗಿಂದಲ್ಲ ಫಕ್ಕೀರವ್ವ. ಹಾವೇರಿಯಾಗ ಹೊಟ್ಟಿ ಕೊಯ್ದು ತಗಿಯೋರು ಅದಾರ. ಬಿಸಿಲು ಏರೂದ್ರಾಗ ಒಯ್ದರ ಎರಡೂ ಜೀವ ಉಳದಾವು" ಎಂದಳು.

ಹನ್ನೊಂದು ದಿನದ ಕೆಲಸವನ್ನು ನಾನು ಒಂದು ಬೆಳಗಿನಲ್ಲಿ ಮುಗಿಸಿದೆ. ಐದು ಬೀಜ ಇಟ್ಟೆ: ತುಂಗವ್ವ, ಅವಳ ಗಂಡ ಈರಪ್ಪ, ಕಾಳವ್ವ, ಬಂಡಿ ಓಡಿಸುವ ಮೌಲಾಲಿ, ನಾನು. ಐವರಿಗೂ ಯಾವ ಕಟ್ಟೆಯ ಜೊತೆಗೂ ವೈರ ಇರಲಿಲ್ಲ. ಅವಸರದಲ್ಲಿ ಹಾಕಿದ ದಾರಿ ಎಂದು ನೆಪ ಹೇಳಬಹುದು. ಹೇಳುವುದಿಲ್ಲ. ಹನ್ನೊಂದು ದಿನ ಕೂತಿದ್ದರೂ ನಾನು ಐದೇ ಬೀಜ ಇಡುತ್ತಿದ್ದೆ.

ಮೊದಲ ಕಟ್ಟೆಯಲ್ಲಿ ಐದು ಹೆಸರು ಕೂಗಿದೆ, ಗಂಬ ಎದ್ದಿತು. ಅವರು ಕನ್ನಡಿಯಿಂದ ಬಿಸಿಲು ಮಿಂಚಿಸಿ ಐದು ಉಸಿರು ಎಂದು ಮುಂದಿನ ಕಟ್ಟೆಗೆ ಸುದ್ದಿ ಕೊಟ್ಟರು. ಮೋಟೆಬೆನ್ನೂರಿನ ಹತ್ತಿರ ರಸ್ತೆ ಎಂಬುದೇ ಇಲ್ಲ, ಬರೀ ತಗ್ಗು. ಆ ಕುಲುಕಾಟಕ್ಕೆ ತುಂಗವ್ವ ಕೂಗಿಕೊಂಡ ಕೂಗು ನನ್ನ ಕಿವಿಯಲ್ಲಿ ಈಗಲೂ ಇದೆ. ಕಾಳವ್ವ ಬಂಡಿ ನಿಲ್ಲಿಸು ಎಂದಳು. ಎರಡು ದಿನ ಎಣ್ಣೆಗೆ ಬಗ್ಗದ ಕೂಸು ತಗ್ಗಿಗೆ ಬಗ್ಗಿತ್ತು, ತಿರುಗಿತ್ತು. ಜಾಲಿಯ ನೆರಳಿನಲ್ಲಿ, ಬಂಡಿಯ ಹಿಂದಿನ ಹಲಗೆಯ ಮೇಲೆ, ಹೆಣ್ಣು ಕೂಸು ಹುಟ್ಟಿತು. ಈರಪ್ಪ ಅಳುತ್ತಾ ನಗುತ್ತಾ ಮೌಲಾಲಿಯನ್ನು ತಬ್ಬಿಕೊಂಡ. ನಾನೂ ನಕ್ಕೆ. ಆಮೇಲೆ ನೋಡಿದರೆ ತುಂಗವ್ವನ ರಕ್ತ ನಿಂತಿರಲಿಲ್ಲ. ಹಿಂದಕ್ಕೆ ಹೋದರೆ ಊರಲ್ಲಿ ಔಷಧವಿಲ್ಲ, ಮುಂದೆ ಹೋದರೆ ಹಾವೇರಿ ಹದಿನೈದು ಕಿಲೋಮೀಟರು. ಮುಂದಕ್ಕೆ ಹೊರಟೆವು.

ಮೇಲ್ಸೇತುವೆಯ ಕಟ್ಟೆ ಕಂಡಾಗ ಮೌಲಾಲಿ ಬಂಡಿಯ ವೇಗ ತಗ್ಗಿಸಿ ನನ್ನ ಕಡೆ ತಿರುಗಿದ.

"ಅಕ್ಕಾರ, ಈಗ ಆರು ಮಂದಿ ಆದ್ವಿ. ಕೂಸಿಗೂ ಏನರ ಒಂದ ಹೆಸರ ಒದರಿಬಿಡ್ರಿ."

ನಾನು ಅವನ ಮೇಲೆ ರೇಗಿದೆ. ನಮ್ಮ ಊರಿನಲ್ಲಿ ಹದಿಮೂರು ದಿನ ಕಳೆಯದ ಕೂಸಿಗೆ ಹೆಸರಿಡುವುದಿಲ್ಲ. ಅಲ್ಲಿಯ ತನಕ ಅದು ದೇವರ ಕೂಸು, ಊರಿನ ಎಣಿಕೆಗೆ ಬಾರದ್ದು. ಮೊದಲೇ ಹೆಸರಿಟ್ಟರೆ ಕೊಟ್ಟವನು ಅದೇ ಹೆಸರು ಹಿಡಿದು ವಾಪಸು ಕರೆಯುತ್ತಾನೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನನ್ನ ಮೂರು ಕೂಸುಗಳನ್ನು ಹಾಗೆ ಕರೆಸಿಕೊಂಡವಳು ನಾನು. ಮೂರಕ್ಕೂ ಅವಸರದಲ್ಲಿ ಹೆಸರಿಟ್ಟಿದ್ದೆ. ಕಾಳವ್ವನೂ ನನ್ನ ಮಾತಿಗೇ ಹೂಂ ಎಂದಳು: "ಹೆಸರ ಇಲ್ಲದ್ದನ್ನ ಏನಂತ ಕೂಗ್ತಿ? ಮಲಗೇತಿ, ಸುಮ್ಮನಿರು."

ಎದ್ದು ನಿಂತು ಐದು ಹೆಸರು ಕೂಗಿದೆ. ಕಟ್ಟೆಯ ಮೇಲಿದ್ದ ಭರಮಪ್ಪ, ಆ ಕಟ್ಟೆಯ ಯಜಮಾನ, ಪದ್ಧತಿಯಂತೆ ಕೇಳಿದ: "ಇಷ್ಟ ಮಂದಿನ?"

"ಇಷ್ಟ" ಎಂದೆ.

ಆಗ ಕೂಸು ಅತ್ತಿತು.

ಇಲ್ಲಿ ಒಂದು ಮಾತು ನಿಮಗೆ ಹೇಳಲೇಬೇಕು. ಅದಕ್ಕೆ ಎರಡು ವರ್ಷ ಮೊದಲು ಹನ್ನೆರಡು ಮಂದಿ ಹತ್ತಿ ಮೂಟೆಗಳ ಕೆಳಗೆ ಅಡಗಿ ಅದೇ ಕಟ್ಟೆಗೆ ಹೋಗಿದ್ದರು. ಕಟ್ಟೆಯವರ ಮನಸ್ಸು ಕರಗಲಿ ಎಂದು ಒಂದು ಕೂಸನ್ನು ಚಿವುಟಿ ಅಳಿಸುತ್ತಾ ಹೋಗಿದ್ದರು. ಒಂಬತ್ತು ಜನರ ಕತ್ತು ಕೊಯ್ದು ಬಂದರು. ಆ ಹನ್ನೆರಡೂ ಮಂದಿ ನಮ್ಮ ಊರಿನವರೇ.

ಮೊದಲ ಗುಂಡು ಮೌಲಾಲಿಯ ಗಂಟಲಿಗೆ ಬಡಿಯಿತು. ಅವನು ಸ್ಟೇರಿಂಗಿನ ಮೇಲೆ ಕವುಚಿ ಬಿದ್ದ, ಹಾರ್ನ್ ಕೂಗತೊಡಗಿತು, ಕೂಗುತ್ತಲೇ ಇತ್ತು. ಈರಪ್ಪ ಕೈ ಎರಡೂ ಮೇಲೆತ್ತಿ, "ಬ್ಯಾಡ್ರೋ, ಬಾಣಂತಿ ಅದಾಳ" ಎನ್ನುತ್ತಾ ಕೆಳಗೆ ಹಾರಿದ. ಕಾಲು ನೆಲ ಮುಟ್ಟುವ ಮೊದಲೇ ಅವನ ಎದೆ ಒಡೆದಿತ್ತು. ಕಾಳವ್ವ ಹಲಗೆಯ ಕೆಳಗೆ ತೆವಳಿದಳು. ಅವಳ ಕಾಲು ಹೊರಗಿತ್ತು, ಕಾಲಿಗೂ ಹೊಡೆದರು. ತುಂಗವ್ವ ಕೂಸನ್ನು ಹೊಟ್ಟೆಯಡಿಗೆ ಹಾಕಿಕೊಂಡು ಬೆನ್ನು ಕೊಟ್ಟು ಮಲಗಿದಳು. ಅವಳ ಬೆನ್ನಿಗೆ ಗುಂಡು ಬೀಳುವುದನ್ನು ನಾನು ಕಣ್ಣಾರೆ ನೋಡಿದೆ. ಒಂದು, ಎರಡು, ಮೂರು. ಅವಳು ನನ್ನನ್ನೇ ನೋಡುತ್ತಿದ್ದಳು.

ಆಗ ನನ್ನ ಬಾಯಿಂದ ಹೊರಟಿತು: "ಗಾಳೆವ್ವ, ತುಂಗವ್ವನ ಮಗಳು, ರಾಣೆಬೆನ್ನೂರು." ನಮ್ಮಜ್ಜಿಯ ಹೆಸರು ಅದು.

ಗುಂಡು ನಿಂತವು, ಯಾರೋ ನಲ್ಲಿ ತಿರುಗಿಸಿದ ಹಾಗೆ. ಭರಮಪ್ಪ ಕೋವಿಯ ಬಾಯಿ ಕೆಳಗೆ ಮಾಡಿದ. ಕೈ ಬೀಸಿದ, ಗಂಬ ಮೇಲೆದ್ದಿತು. ಆಮೇಲೆ ಅವನು ತಾನೇ ಇಳಿದು ಬಂದು, ರುಮಾಲು ಬಿಚ್ಚಿ ತುಂಗವ್ವನ ಬೆನ್ನಿಗೆ ಒತ್ತಿ ಹಿಡಿದ. ಅವಳು ಅದಾಗಲೇ ಹೋಗಿದ್ದಳು. ಅವನು ಕೂಸನ್ನು ಅವಳ ಕೆಳಗಿನಿಂದ ಮೆಲ್ಲಗೆ ಎಳೆದು ನನ್ನ ಮಡಿಲಿಗೆ ಹಾಕಿದ. ಅವನ ಕಣ್ಣಲ್ಲಿ ನೀರಿತ್ತು.

"ಮೊದಲ ಅಂದಿದ್ರ ಗಂಬ ಎತ್ತಿದ್ವಲ್ಲ, ತಂಗಿ" ಎಂದ.

ಅವನು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ. ನಿಜವನ್ನು ಹೇಳಿಬಿಟ್ಟ, ಅದನ್ನು ತಾಳಲಾಗಲಿಲ್ಲ. ಕೂಸನ್ನು ಸೀಟಿನ ಮೇಲೆ ಇಟ್ಟೆ. ಸೀಟಿನ ಕೆಳಗೆ ಗಾಲಿ ಬಿಚ್ಚುವ ಪಾನಾ ಇತ್ತು. ಅವನು ತುಂಗವ್ವನ ಕಣ್ಣು ಮುಚ್ಚಲು ಬಗ್ಗಿದ್ದ. ಹಿಂದಿನಿಂದ ಹೊಡೆದೆ. ಮೊದಲ ಏಟಿಗೆ ಮಂಡಿಯೂರಿ ನನ್ನ ಕಡೆ ತಿರುಗಿದ, ಏನೋ ತಪ್ಪು ತಿಳಿದಿರಬೇಕು ಇವಳು ಎಂಬಂತೆ ಕೈ ಅಡ್ಡ ಹಿಡಿದ. ಆ ಕೈ ಮುರಿದೆ. ಆಮೇಲೆ ಮುಖ ಮುಖವಾಗಿ ಉಳಿಯುವ ತನಕ ಹೊಡೆದೆ, ಉಳಿಯದಾದ ಮೇಲೂ ಹೊಡೆದೆ. ತೋಳು ಸೋತಾಗ ನಿಲ್ಲಿಸಿದೆ, ಮನಸ್ಸು ಸೋತು ಅಲ್ಲ.

ಕಟ್ಟೆಯ ಮೇಲೆ ಎಂಟು ಕೋವಿಗಳಿದ್ದವು. ಒಂದೂ ಹಾರಲಿಲ್ಲ. ಗಂಬ ಎದ್ದಿತ್ತು, ನೋಡಿ. ತಮ್ಮ ಯಜಮಾನನ ತಲೆ ಒಡೆಯುವುದನ್ನು ಎಂಟು ಜನ ನಿಂತು ನೋಡಿದರು, ಒಬ್ಬನು ಕೋವಿಯ ಹಿಡಿಯನ್ನು ಕಚ್ಚಿಕೊಂಡು ಅಳುತ್ತಿದ್ದ, ಆದರೆ ಮಾತು ಮುರಿಯಲಿಲ್ಲ. ನಾನು ಮೌಲಾಲಿಯನ್ನು ಪಕ್ಕಕ್ಕೆ ಸರಿಸಿ ಬಂಡಿ ಓಡಿಸಿದೆ. ಹಾವೇರಿ ಮುಟ್ಟುವುದರೊಳಗೆ ಕಾಳವ್ವನೂ ತೀರಿಕೊಂಡಳು. ಹೊಟ್ಟೆ ಕೊಯ್ಯುವವರ ಬಾಗಿಲಲ್ಲಿ ನಾನು ಇಳಿಸಿದ್ದು ಒಂದೇ ಜೀವ, ಕೊಯ್ಯುವ ಅಗತ್ಯ ಇಲ್ಲದ್ದು.

ಬಂಡಿ ಬಿಟ್ಟು, ಕೂಸನ್ನು ಕಟ್ಟಿಕೊಂಡು ರಾತ್ರಿಯ ಹೊತ್ತು ಹೊಲಗಳ ಮೇಲೆ ನಡೆದು ಊರಿಗೆ ಬಂದಾಗ ಎಲ್ಲರೂ ಕೇಳಿದರು. ಭರಮಪ್ಪನನ್ನು ಕೊಂದವನು ಈರಪ್ಪ ಎಂದೆ. ಹೆಂಡತಿಯನ್ನು ಕಾಪಾಡಲು ಹೋರಾಡಿ ಸತ್ತ ಎಂದೆ. ಸತ್ತವರು ಸಾಕ್ಷಿ ಹೇಳಲು ಬರುವುದಿಲ್ಲ, ಕಟ್ಟೆಯವರು ಏನು ಹೇಳಿದರೂ ನಮ್ಮ ಊರು ನಂಬುವುದಿಲ್ಲ. ಊರು ಅವನಿಗೆ ಕಲ್ಲು ನಿಲ್ಲಿಸಿತು, ಗಾಳೆವ್ವ ವಾರಕ್ಕೊಮ್ಮೆ ಅದಕ್ಕೆ ನೀರು ಹಾಕುತ್ತಾಳೆ. ಅಂದಿನಿಂದ ಎರಡೂ ಕಡೆ ಸೇರಿ ನಲವತ್ತೊಂದು ಹೆಣ ಬಿದ್ದಿವೆ. ಹನ್ನೊಂದು ದಿನದ ಹಿಂದೆ ಅವಳು ನನ್ನ ಮುಂದೆ ಕೂತು ಹದಿನೈದು ಬೀಜ ಇಟ್ಟು, "ದೊಡ್ಡವ್ವ, ದಾರಿ ಹಾಕು. ನಮ್ಮಪ್ಪ ಒಬ್ಬನ್ನ ಹೊಡದ, ಉಳದವರನ್ನ ನಾ ನೋಡ್ಕೊಂತೀನಿ" ಎಂದಳು. ಒಲೆಗೆ ಹೋಗಬೇಕಾದ ಬೀಜಗಳೆಂದು ಗೊತ್ತಿದ್ದೂ ಹಾಕಿಕೊಟ್ಟೆ. ಅವಳ ಬೀಜದ ಪಕ್ಕದಲ್ಲೇ ನನ್ನದೂ ಇದೆ, ದಾರಿ ಹಾಕಿದವಳೇ ಹೆಸರು ಕೂಗಬೇಕಲ್ಲ. ಹದಿನಾರು ಹೆಸರು ಕೂಗಿ, ಗಂಬ ಏಳುವ ಮೊದಲೇ ಎಲ್ಲರೂ ಹೊಡೆಯುವುದು ಎಂದು ಅವಳ ಯೋಜನೆ.

ಈಗ ನಿಮ್ಮ ಪಾಲು. ಈ ಕಟ್ಟೆಗಳು ಹೇಗೆ ಹುಟ್ಟಿದವು ಎಂಬುದನ್ನು ನಮ್ಮ ಮಕ್ಕಳೂ ಬಲ್ಲರು. ನಿಮ್ಮ ಕಾಲದಲ್ಲಿ, ಇಲ್ಲವೆ ನಿಮ್ಮ ಮಕ್ಕಳ ಕಾಲದಲ್ಲಿ, ಆ ಮೇಲ್ಸೇತುವೆಯ ಕೆಳಗೆ ರಸ್ತೆ ದಾಟುತ್ತಿದ್ದ ಒಬ್ಬ ಹೆಂಗಸಿಗೆ ಒಂದು ಕಾರು ಗುದ್ದಿತು. ನಿಲ್ಲಲಿಲ್ಲ. ಅವಳು ಮೂರು ತಾಸು ಬದುಕಿದ್ದಳಂತೆ, ಗುದ್ದಿದವನ ಹೆಸರೇನು ಎಂದು ಬಂದವರನ್ನೆಲ್ಲ ಕೇಳುತ್ತಿದ್ದಳಂತೆ. ಮರುದಿನ ಅವಳ ಮನೆಯವರು ರಸ್ತೆಗೆ ಅಡ್ಡ ಒಂದು ಹಗ್ಗ ಕಟ್ಟಿದರು. ಹೆಸರು ಹೇಳಿ ಮುಂದೆ ಹೋಗಿ ಎಂದರು, ಅಷ್ಟೇ. ಉಗುರಿನಲ್ಲಿ ಹೋಗುವುದಕ್ಕೆ ನಿಮ್ಮವರು ಕೊಡಲಿ ತಂದರು: ಹೆಸರು ಹೇಳುವ ಬದಲು ಹಗ್ಗ ಹಿಡಿದಿದ್ದ ಇಬ್ಬರ ಮೇಲೆ ಗಾಡಿ ಹಾಯಿಸಿಕೊಂಡು ಹೋದರು. ಮಿಕ್ಕಿದ್ದೆಲ್ಲ ಅದರ ಮಕ್ಕಳು ಮೊಮ್ಮಕ್ಕಳು.

ನಿಮ್ಮ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಆದರೂ ಕೈ ಮುಗಿದು ಕೇಳುತ್ತೇನೆ. ಆ ರಸ್ತೆಯಲ್ಲಿ ನಿಮ್ಮ ಗಾಡಿ ಯಾರಿಗಾದರೂ ತಾಗಿದರೆ ನಿಲ್ಲಿಸಿ. ಇಳಿಯಿರಿ. ಬಿದ್ದವರ ಪಕ್ಕದಲ್ಲಿ ಕೂತು ನಿಮ್ಮ ಹೆಸರು ಹೇಳಿ. ಜನ ಹೊಡೆದಾರು, ಹೊಡೆಸಿಕೊಳ್ಳಿ.

ಹಾಗೆ ಹೇಳುವುದಕ್ಕೆ ನಾನು ಯಾರು ಎಂದು ನೀವು ಕೇಳಬಹುದು. ನ್ಯಾಯವೇ. ಅದಕ್ಕೆ ನಾಳೆ ಹದಿನಾರು ಹೆಸರನ್ನು ನಾನು ಅವಳು ಹೇಳಿದ ಕ್ರಮದಲ್ಲಿ ಕೂಗುವುದಿಲ್ಲ. ಗಾಳೆವ್ವನ ಕೈ ಕೋವಿಗೆ ಹೋಗುವ ಮೊದಲು, ಅವಳಿಗೂ ಕೇಳುವ ಹಾಗೆ, ಕಟ್ಟೆಯವರಿಗೂ ಕೇಳುವ ಹಾಗೆ ಎದ್ದು ನಿಂತು ಕೂಗುತ್ತೇನೆ: ಫಕ್ಕೀರವ್ವ, ಹೊನ್ನವ್ವನ ಮಗಳು, ರಾಣೆಬೆನ್ನೂರು, ಗಂಬ ಎದ್ದ ಮೇಲೆ ಭರಮಪ್ಪನನ್ನು ಹಿಂದಿನಿಂದ ಹೊಡೆದು ಕೊಂದವಳು. ಮೊದಲ ಗುಂಡು ಯಾವ ಕಡೆಯಿಂದ ಬರುತ್ತದೋ ನನಗೆ ಗೊತ್ತಿಲ್ಲ.