ಸಾವಿನ ಮನೆಯ ಗಂಜಿ

೨೪ ಏಪ್ರಿಲ್ ೧೯೦೮, ಶುಕ್ರವಾರ. ಯಲ್ಲದಕೆರೆ

ಉಪವಾಸ. ಮಧ್ಯಾಹ್ನ ಒಂದೇ ಹೊತ್ತು ಅಂಬಲಿ. ಕೊಟ್ಟಿಗೆ ಬಳಿದೆ, ನೀರು ತಂದೆ, ಶಿಲುಬೆಯ ಗೂಡಿನ ಬಾಡಿದ ಹೂ ತೆಗೆದೆ. ಯೇಸು ಮರಳಿ ಎದ್ದ ಪಾಸ್ಕ ಹಬ್ಬ ಮುಗಿಯಿತು. ದುರ್ಗದಿಂದ ಬಂದಿದ್ದ ಪಾದ್ರಿಗಳು ಕೇಳಿದ್ದರು — ಮರಿಯಮ್ಮ, ಎಲ್ಲರನ್ನೂ ಕ್ಷಮಿಸಿದ್ದೀಯಾ? ಹೂಂ ಅಂದೆ. ಎಲ್ಲರನ್ನೂ. ವಾರಗಿತ್ತಿ ಕೊಟ್ರಮ್ಮನನ್ನು ಬಿಟ್ಟು.

ಪರಲೋಕ ಜಪದಲ್ಲಿ 'ನಾವು ಕ್ಷಮಿಸುವಂತೆ' ಎಂಬ ಮಾತು ಬಂದಾಗ ಹಾರಿಸಿ ಮುಂದೆ ಹೋಗುತ್ತೇನೆ. ಪಾದ್ರಿಗಳಿಗೆ ಹೇಳಿದ ಸುಳ್ಳೇ ಸಾಕು, ದೇವರಿಗೂ ಬೇಡ.

ನಾನೂ ಯಜಮಾನರೂ ಕ್ರೈಸ್ತರಾದಾಗಿನಿಂದ ಅವಳಿಗೆ ನಮ್ಮ ನೆರಳೂ ಆಗದು. ಹೋದ ವರ್ಷ ಯಜಮಾನರು ತೀರಿಕೊಂಡರು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ನೆಂಟರೇ ಗಂಜಿ ತರಬೇಕು. ಗೋಡೆಯಾಚೆ ಮನೆಯ ಕೊಟ್ರಮ್ಮ ಬೀದಿಯಲ್ಲಿ ನಿಂತು ಕೂಗಿದಳು: "ಕುಲಗೆಟ್ಟೋರ ಮನಿಗೆ ಗಂಜಿ ಒಯ್ದೋರು ನನ್ನ ಹೊಸ್ಲು ತುಳೀಬ್ಯಾಡ್ರಿ!"

ಯಾರೂ ತರಲಿಲ್ಲ. ಎದುರು ಮನೆಯ ಪ್ಯಾರಿ ಬೀ ತಂದಳು.

ಈಗ ನನ್ನ ಕೈಗೂ ಅವಳ ಮನೆಯ ಗುಟ್ಟೊಂದು ಸಿಕ್ಕಿದೆ. ಹಬ್ಬದ ದಿನ ಅವಳ ಗಂಡ, ನನ್ನ ಮೈದುನ ಪಂಚಾಕ್ಷರಪ್ಪ, ಹಿತ್ತಲಿಂದ ಬಂದ. ಒಂದೇ ಸಮನೆ ಕೆಮ್ಮು, ಮೈಯಲ್ಲಿ ಮೂಳೆ ಮಾತ್ರ. "ಅತ್ಗೆಮ್ಮ, ಅಣ್ಣನ ಜಾಗದಾಗೆ ಕುಂತು ಒಂದ್ ತುತ್ತು ಉಣ್ತೀನಿ. ಯಾರಿಗೂ ಹೇಳ್ಬ್ಯಾಡ್ರಿ." ಎರಡು ಹೋಳಿಗೆ ತಿಂದ. ಅತ್ತ.

ಹೇಳುವುದಿಲ್ಲ ಅಂದೆ. ಆಗ ಮನಸ್ಸಿನಲ್ಲಿಯೂ ಹಾಗೆಯೇ ಇತ್ತು...

೨೭ ಏಪ್ರಿಲ್, ಸೋಮವಾರ

ಹೇಳಿಬಿಟ್ಟೆ.

ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಕೊಟ್ರಮ್ಮ ಬಂದಳು. "ಆಚಿಗೆ ಸರಿಯೇ ಪಾದ್ರಿ ಮುದುಕಿ, ನೀ ಮುಟ್ಟಿದ ನೀರು ನಮ್ ಕಡೀಗೆ ಹರೀತೈತೆ."

"ನೀರಿನ ಚಿಂತಿ ಯಾಕೆ ತಾಯಿ? ನಿನ್ನ ಗಂಡನ ಹೊಟ್ಟ್ಯಾಗೆ ನನ್ನ ಹೋಳಿಗೀನೇ ಐತೆ. ತುಪ್ಪ ಹಾಕಿಸ್ಕಂಡು ತಿಂದ!"

ಕಲ್ಲಿನ ಮೇಲೆ ಬಟ್ಟೆ ಬಡಿಯುವ ಸದ್ದೆಲ್ಲ ನಿಂತಿತು. ಅವಳ ಮುಖ! ಮನೆ ತಲುಪುವವರೆಗೂ ನಕ್ಕೆ.

೧ ಮೇ, ಶುಕ್ರವಾರ

ಉಪವಾಸ. ಕಟ್ಟೆಯ ಹಿರಿಯ ಅಜ್ಜಪ್ಪನವರ ತೀರ್ಪಾಯಿತು: ಗಂಡ ಕುಲಗೆಟ್ಟವರ ಮನೆಯಲ್ಲಿ ಉಂಡದ್ದಕ್ಕೆ, ಮಠದಲ್ಲಿ ಶುದ್ಧಿಯಾಗುವ ತನಕ ಕೊಟ್ರಮ್ಮನ ಮನೆಗೆ ಯಾರೂ ಬೆಂಕಿ, ನೀರು, ಕೂಳು ಕೊಡುವಂತಿಲ್ಲ. ಹೆಪ್ಪಿಗೆ ಮಜ್ಜಿಗೆ ಕೇಳಲು ಹೋಗಿ ಮನೆ ಮನೆಯಿಂದ ಬರಿಗೈಲಿ ಬಂದಳು. ಹಿತ್ತಲಲ್ಲಿ ನಿಂತು ನೋಡಿದೆ. ಉಪವಾಸದ ಹೊಟ್ಟೆ ತುಂಬಿದ ಹಾಗಾಯಿತು.

ಸೇಡು ದೇವರ ಪಾಲಿನದು ಎಂದು ಪಾದ್ರಿಗಳು ಓದಿದ್ದರು. ಅಷ್ಟು ದಿನ ಕಾಯುವ ವಯಸ್ಸಲ್ಲ ನನ್ನದು.

೧೫ ಮೇ, ಶುಕ್ರವಾರ, ಮಧ್ಯಾಹ್ನ

ಉಪವಾಸ. ಪಂಚಾಕ್ಷರಪ್ಪ ನಿನ್ನೆ ಬೆಳಿಗ್ಗೆ ತೀರಿಕೊಂಡ. ಮಣ್ಣಿಗೆ ನಾಲ್ಕು ಜನ ಬಂದರು. ಗಂಜಿ ಯಾರೂ ತರಲಿಲ್ಲ. ಗೋಡೆಯಾಚೆ ಒಲೆ ತಣ್ಣಗಿದೆ.

ಅವಳಿಗೆ ನಾನು ಬಯಸಿದ್ದು ಇದೇ. ಆದರೆ ಮಾತು ಕೊಟ್ಟಿದ್ದು ಅವನಿಗೆ.

ಈಗಷ್ಟೇ ಪ್ಯಾರಿ ಬೀ ಬಂದಿದ್ದಳು. "ಕೊಟ್ರಮ್ಮ ಕಳ್ಸ್ಯಾಳೆ. 'ಅಕ್ಕ ಒಂದ್ ಗುಟುಕು ಗಂಜಿ ಕೊಡ್ತಾಳೇನು ಕೇಳು' ಅಂದ್ಳು."

"ಅಕ್ಕ ಅಂದ್ಳಾ? ಪಾದ್ರಿ ಮುದುಕಿ ಅನ್ಲಿಲ್ವಾ?"

"ಬೈಯಾಕೂ ತ್ರಾಣ ಬೇಕಲ್ಲಮ್ಮ. ಏನ್ ಹೇಳ್ಲಿ?"

"ಹೋಗು. ಉತ್ತರ ಆಮ್ಯಾಲೆ. ಕೂಗ್ತೀನಿ."

ಅಕ್ಕಿ ಒಲೆಗಿಟ್ಟೆ. ಬೆಂದಿತು. ಕೈ ತುಂಬ ಉಪ್ಪು ತೆಗೆದೆ. ತಿನ್ನಲಿ ನನ್ನ ಉಪ್ಪು. ಸಾಯುವ ತನಕ ಋಣ ಹೊತ್ತು ತಿರುಗಲಿ. ಕೆರೆಯಲ್ಲಿ ಎಲ್ಲರೆದುರು ದಿನವೂ ನೆನಪು ಮಾಡುತ್ತೇನೆ...

ಅಂದು ಪ್ಯಾರಿ ಬೀ ತಂದ ಗಂಜಿಗೂ ಉಪ್ಪಿತ್ತು. ವರ್ಷವಾಯಿತು, ಒಂದು ದಿನವೂ ಎತ್ತಿ ಆಡಿದವಳಲ್ಲ.

ಮುಷ್ಟಿಯಲ್ಲಿ ಉಪ್ಪು ಬೆವರಿಗೆ ಒದ್ದೆಯಾಯಿತು. ಹಾಗೇ ನಿಂತು ಜಪ ಹೇಳಿದೆ. ಆ ಮಾತನ್ನು ಹಾರಿಸಲಿಲ್ಲ, ಹಲ್ಲು ಕಚ್ಚಿ ಹೇಳಿದೆ. ಕ್ಷಮಿಸಿಲ್ಲ. ಇವತ್ತಿಗಂತೂ ಇಲ್ಲ. ಆದರೂ ಗಂಜಿಗೆ ಉಪ್ಪು ಬೆರೆಸಲಿಲ್ಲ. ಬೇರೆ ಎಲೆಯಲ್ಲಿ ಕಟ್ಟಿದ್ದೇನೆ. ಹಾಕಿಕೊಳ್ಳುವುದು, ಬಿಡುವುದು ಅವಳಿಗೆ ಬಿಟ್ಟದ್ದು.

ಪ್ಯಾರಿ ಬೀ, ಬಾರೇ. ನನ್ನ ಉತ್ತರ ತಗೊಂಡು ಹೋಗು. ಬಿಸಿಯಿದೆ, ಬಟ್ಟೆ ಹಿಡಿದು —