ಅಡಿಗೆಮನೆಯಲ್ಲಿ ಕೇಳಿದ ಸಮಾಧಾನ

ಜನರ ಸಮಾಧಾನವನ್ನು ಅಳೆಯುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಸಮೀಕ್ಷೆಯವರು ನನ್ನ ಹೆಂಡತಿ ಜಿನಮತಿಯನ್ನು ‘ಜೀವನಮಟ್ಟದ ಬಗ್ಗೆ ಪೂರ್ಣ ತೃಪ್ತಳು’ ಎಂದು ಬರೆದುಕೊಂಡಿದ್ದಾರೆ. ಅದನ್ನು ಅಳಿಸಿ ಎಂದು ಮರಾಠಿಯಲ್ಲಿ ಅರ್ಜಿ ಕೊಟ್ಟೆ. ಉತ್ತರವಿಲ್ಲ. ಈಗ ಮನೆಮಾತಿನಲ್ಲಿ, ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಸಮಾಜವಾದ ಮುಗಿದುಹೋದ ದೇಶಗಳಲ್ಲಿ ಕೇಳುವ ಪ್ರಶ್ನೆಗಳನ್ನೇ ಮುಚ್ಚಿದ ಸಹಕಾರಿ ಗಿರಣಿಗಳ ಜನರಿಗೂ ಕೇಳುತ್ತಿದ್ದೇವೆ ಎಂದಿದೆ ನಿಮ್ಮ ಪ್ರಕಟಣೆ. ಸರಿಯೇ, ನಾವೂ ಮುಗಿದವರೇ. ಸಾಂಗಲಿಯ ನಮ್ಮ ನೂಲಿನ ಗಿರಣಿ ನಡೆಯುತ್ತಿದ್ದಾಗ ಜಿನಮತಿಯೂ ತ್ರಿಶಲಾಬಾಯಿಯೂ ಅಕ್ಕಪಕ್ಕ ನಿಂತು ಹರಿದ ನೂಲಿಗೆ ಗಂಟು ಹಾಕುತ್ತಿದ್ದರು, ಒಂದೇ ನಲ್ಲಿಗೆ ಕೊಡ ಹಿಡಿಯುತ್ತಿದ್ದರು. ಸುಖವಾಗಿದ್ದೆವು ಎನ್ನಲಾರೆ, ಹತ್ತಿಯ ಧೂಳಿಗೆ ಎಲ್ಲರೂ ಕೆಮ್ಮುತ್ತಿದ್ದೆವು. ಆದರೆ ಪಕ್ಕದವರನ್ನು ನೋಡಿ ತಲೆ ತಗ್ಗಿಸುವ ಕೆಲಸವಿರಲಿಲ್ಲ. ಗಿರಣಿ ಮುಚ್ಚಿದ ಮೇಲೆ ತ್ರಿಶಲಾಬಾಯಿಯ ಗಂಡ ಆ ಜಾಗದಲ್ಲಿ ಕಟ್ಟಡ ಎಬ್ಬಿಸಿದವರ ಪಾಲುದಾರರಾದರು. ಈಗ ಅವರ ಮನೆ ಅಲ್ಲೇ. ಜಿನಮತಿ ಆ ಮನೆಯ ಅಡಿಗೆಯವಳು. ನಾನು ಮಿರಜದ ಒಂದು ಆಸ್ಪತ್ರೆಯ ಕಾವಲುಗಾರ. ನಮ್ಮ ಮನೆಗೂ ಫ್ರಿಜ್ ಬಂದಿದೆ, ಆದ್ದರಿಂದ ನಿಮ್ಮ ಲೆಕ್ಕದಲ್ಲಿ ನಾವು ಮೇಲೇರಿದವರು.

ನಿಮ್ಮ ಸಿಬ್ಬಂದಿ ಅನುಜಾ ತ್ರಿಶಲಾಬಾಯಿಯ ಮನೆಗೆ ಬಂದಾಗ ನಡೆದದ್ದನ್ನು ಜಿನಮತಿಯೇ ನನಗೆ ಹೇಳಿದಳು. ಮೊದಲ ಉತ್ತರ ಯಜಮಾನಿಯದು: “ಎಲ್ಲೀ ಸಮಾಧಾನರಿ? ಎದುರಿಗೆ ಹೊಸಾ ಬಿಲ್ಡಿಂಗ್ ಎದ್ದೈತಿ, ಬಾಲ್ಕನಿಗೆ ಬಿಸಲ ಬರೂದಿಲ್ಲ.” ಅತೃಪ್ತರು ಎಂದು ಬರೆದುಕೊಂಡರು. ಆಮೇಲೆ ಅಡಿಗೆಮನೆಗೆ ಬಂದು, “ಮಾವಶಿ, ನೀವು?” ಎಂದರು; ಹೆಸರು ಕೇಳದೆ ಕೆಲಸದ ಹೆಂಗಸರನ್ನು ಚಿಕ್ಕಮ್ಮ ಎಂದು ಕರೆಯುವ ಮರಾಠಿ ರೂಢಿ ಅದು. ತ್ರಿಶಲಾಬಾಯಿ ಬಾಗಿಲಲ್ಲೇ ನಿಂತಿದ್ದರು.

“ಆರಾಮ ಅದೀನ್ರಿ. ಏನೂ ಕಮ್ಮಿಲ್ಲ,” ಎಂದಳು ಜಿನಮತಿ, ಚಪಾತಿ ಲಟ್ಟಿಸುತ್ತ.

“ನೋಡ್ರಿ, ನಮಗಿಂತಾ ಇಕೀನ ಸುಖಿ,” ಎಂದು ಯಜಮಾನಿ ನಕ್ಕರು.

ಇನ್ನೇನು ಹೇಳಬೇಕಿತ್ತು ಸ್ವಾಮಿ? ನಿಮ್ಮ ಮೇಲಿನವರು ಪಕ್ಕದಲ್ಲಿ ನಿಂತಿರುವಾಗ ನೌಕರಿ ಹೇಗಿದೆ ಎಂದು ಕೇಳಿದರೆ ನೀವೇನು ಹೇಳುತ್ತೀರಿ? ಈಗ ವರದಿ ಬಂದಿದೆ: ಉಳ್ಳವರಿಗಿಂತ ಬಡವರೇ ತೃಪ್ತರಂತೆ. ಅಭಿನಂದನೆಗಳು. ಇನ್ನು ಬಾಲ್ಕನಿಗಳಿಗೆ ಬಿಸಿಲು ಒದಗಿಸುವ ಯೋಜನೆಯೊಂದು ಬಂದೀತು.

ಅನುಜಾ ಬಂದುಹೋದ ದಿನವೇ ಸಂಜೆ ನಾನು ಜಿನಮತಿಯನ್ನು ಕೇಳಿದ್ದೆ, “ಖರೇನ ಆರಾಮ ಅದೀಯೇನು?” ಅವಳಿಗೆ ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ.

“ಆ ಹುಡುಗಿ ಅಡಿಗಿ ಮಾಡಾಕೀನ್ನ ಕೇಳಿದಳು, ಅಡಿಗಿ ಮಾಡಾಕಿ ಹೇಳಿದಳು. ನನ್ನ ಯಾರ ಕೇಳ್ಯಾರ?”

ಇಬ್ಬರೂ ಉಂಡು ಮಲಗಿದೆವು.

ಆದ್ದರಿಂದ ಆ ಉತ್ತರವನ್ನು ಅಳಿಸಿ. ಭಾನುವಾರ ಅವಳಿಗೆ ಬಿಡುವಿರುತ್ತದೆ, ನಮ್ಮ ಮನೆಗೆ ಬನ್ನಿ. ಅವಳನ್ನು ಕೂರಿಸಿ, ಹೆಸರು ಹಿಡಿದು ಕೇಳಿ. ಅಷ್ಟು ಹೊತ್ತು ನಾನೂ ಹೊರಗೆ ಹೋಗಿರುತ್ತೇನೆ.

ಇಂತಿ,
ಇನ್ನೂ ನಿಮ್ಮವರು ಯಾರೂ ಬಾಗಿಲು ತಟ್ಟದ ಮನೆಯ
ಜಯಕುಮಾರ, ಮಾಲಗಾಂವ